ಮಳೆ ಹೊಳವಾದ ಮಡಿಕೇರಿ

ಹಸ್ತದ ಮಳೆ ಎರಡು ದಿನ ಹನಿದು ಸುಮ್ಮನಾದ ಮೇಲೆ, ಒಂದು ಬೆಳಿಗ್ಗೆ ಅಜ್ಜಿ ಹಿತ್ತಲ ಬಾಗಿಲು ತೆರೆದು ಅಂಗಳಕ್ಕಿಳಿದು, ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿ, "ಹೊಳವಾಯ್ತು, ಏಳ್ರೋ ಮಕ್ಳೆ" ಎಂದು ಕೂಗುತ್ತಿದ್ದರು. ಅದೊಂದು ಕೂಗಿಗಾಗಿ ನಾವು ಜೂನ್ ತಿಂಗಳಿಂದ ಕಾದಿರುತ್ತಿದ್ದೆವು. ಸುಮಾರು 3,800 ಅಡಿ ಎತ್ತರದ ಗುಡ್ಡದ ಮೇಲೆ, ವರ್ಷಕ್ಕೆ 120 ಇಂಚಿನ ಆಸುಪಾಸು ಮಳೆ ಹೊಯ್ಯುವ ಊರಿನಲ್ಲಿ ಬೆಳೆದವರಿಗೇ ಗೊತ್ತು, ಆ ದಿನದ ಬಿಸಿಲು ಮೈಗೆ ಹೇಗೆ ತಾಗುತ್ತಿತ್ತೆಂದು. ಯಾರೋ ಹಿರಿಯರು ಬೆನ್ನು ಸವರಿದ ಹಾಗೆ.

ಆ ದಿನ ಮನೆಯಿಂದ ಮೊದಲು ಹೊರಗೆ ಬರುತ್ತಿದ್ದುದು ಬಟ್ಟೆ ಒಣಗಿಸುವ ಬುಟ್ಟಿ. ಮಳೆಗಾಲದುದ್ದಕ್ಕೂ ಅದು ಒಲೆಯ ಪಕ್ಕ ಕೆಂಡದ ಮೇಲೆ ಬೋರಲಾಗಿ ಕುಳಿತಿರುತ್ತಿತ್ತು. ನಮ್ಮ ಶಾಲೆಯ ಅಂಗಿ, ಅಪ್ಪನ ಕಚೇರಿ ಬಟ್ಟೆ, ತಮ್ಮನ ತೊಟ್ಟಿಲ ಬಟ್ಟೆ ಎಲ್ಲವೂ ಸರದಿಯ ಮೇಲೆ ಅದರ ಮೈಮೇಲೆ ಒಣಗಬೇಕು. ಬಟ್ಟೆಗೆಲ್ಲ ಹೊಗೆ ವಾಸನೆ. ತರಗತಿಯಲ್ಲಿ ನಲವತ್ತು ಮಕ್ಕಳು ಕುಳಿತರೆ ನಲವತ್ತು ಮನೆಯ ಹೊಗೆ. ಕಾಫಿ ಗಿಡದ ಕಟ್ಟಿಗೆ ಉರಿಸುವವರ ಮನೆಯ ಹೊಗೆಯೇ ಬೇರೆ, ಸಿಲ್ವರ್ ಮರ ಉರಿಸುವವರದೇ ಬೇರೆ. ಅಜ್ಜಿ ಆ ಬುಟ್ಟಿಯನ್ನು ಬಟ್ಟೆ ಒಗೆಯುವ ಕಲ್ಲಿಗೆ ಮೆಲ್ಲಗೆ ಬಡಿದು ಬೂದಿ ಉದುರಿಸಿ ಬಿಸಿಲಿಗಿಡುತ್ತಿದ್ದರು. ಒಳಗಡೆ ಬಿದಿರು ಮಸಿ ಹಿಡಿದು ಮಿರಮಿರ ಮಿಂಚುತ್ತಿತ್ತು. ಒಂದು ಕಡೆ ಕಿಡಿ ಹಾರಿ ಸುಟ್ಟ ತೂತು. ಆ ತೂತಿನ ಮೇಲೆ ಬಿದ್ದ ಅಂಗಿಗೆ ಕಂದು ಕಲೆ ತಪ್ಪಿದ್ದಲ್ಲ. ನನ್ನ ಮೂರನೇ ತರಗತಿಯ ಅಂಗಿಯ ಜೇಬಿನ ಕೆಳಗೆ ಅಂಥದೊಂದು ಕಲೆ ವರ್ಷವಿಡೀ ಇತ್ತು. ಸಂಜೆ ಬುಟ್ಟಿಯನ್ನು ಅಟ್ಟದ ಜಂತಿಗೆ ನೇತುಹಾಕಿದರೆಂದರೆ ಮಳೆಗಾಲ ಮುಗಿದ ಲೆಕ್ಕ.

ಆಮೇಲೆ ಊರಿಗೆ ಊರೇ ಬಿಚ್ಚಿಕೊಳ್ಳುತ್ತಿತ್ತು. ಇರಚಲು ಹೊಡೆಯದಂತೆ ಗೋಡೆಗೆ ಕಟ್ಟಿದ್ದ ತಟ್ಟಿಗಳನ್ನು ಬಿಚ್ಚಿದರೆ ಮನೆಯೊಳಗೆ ಮೂರು ತಿಂಗಳ ನಂತರ ಬೆಳಕು. ಬೇಲಿಯ ಮೇಲೆಲ್ಲ ಕಂಬಳಿ, ಜಗಲಿಯ ಮೇಲೆಲ್ಲ ಬೂಸ್ಟು ಹಿಡಿದ ಚಪ್ಪಲಿ, ಪುಸ್ತಕ, ಪೆಟ್ಟಿಗೆ. ಹಂಚಿನ ಮೇಲಿನ ಹಾವಸೆ ಬಿಸಿಲಿಗೆ ಒಣಗಿ ಚಕ್ಕೆ ಚಕ್ಕೆಯಾಗಿ ಅಂಗಳಕ್ಕೆ ಬೀಳುತ್ತಿತ್ತು. ಶುಕ್ರವಾರದ ಸಂತೆಯಲ್ಲಿ ಜನ ಕೊಡೆ ಮಡಚಿ ಕಂಕುಳಲ್ಲಿಟ್ಟುಕೊಂಡು, ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿ ಮಾತಾಡುತ್ತಿದ್ದರು. ಮಳೆಗಾಲದಲ್ಲಿ ನಮಗೆ ಕಾಣುತ್ತಿದ್ದುದು ಬರೀ ಕೊಡೆಗಳು, ಗೊರಬೆಗಳು.

ಬೇಸಗೆಯಲ್ಲಿ ಬಯಲುಸೀಮೆಯ ನೆಂಟರು ತಂಪಿಗೆಂದು ಬರುತ್ತಿದ್ದರು. ಮಳೆಗಾಲದಲ್ಲಿ ಯಾರೂ ಬರುತ್ತಿರಲಿಲ್ಲ, ನಾವೂ ಎಲ್ಲಿಗೂ ಹೋಗುತ್ತಿರಲಿಲ್ಲ. ರೈಲು ನಮ್ಮ ಜಿಲ್ಲೆಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಮಳೆಗೂ ಚಳಿಗೂ ನಡುವಿನ ಆ ಆರೇಳು ವಾರ ಮಾತ್ರ, ಹಸ್ತ ಕಳೆದು ಪುತ್ತರಿಯ ಹುಣ್ಣಿಮೆ ಹತ್ತಿರವಾಗುವವರೆಗೆ, ಮಡಿಕೇರಿ ಮಡಿಕೇರಿಯವರದೇ ಆಗಿರುತ್ತಿತ್ತು. ತೋಟದಲ್ಲಿ ಕಾಫಿ ಹಣ್ಣಾಗಿರುವುದಿಲ್ಲ, ಗದ್ದೆಯಲ್ಲಿ ಭತ್ತ ಇನ್ನೂ ಹಾಲುಗಾಳು. ಕೈಗೆ ಕೆಲಸ ಕಡಿಮೆ, ಕಾಲಿಗೆ ಒಣ ನೆಲ. ಆ ಬಿಡುವು ಒಂದೂರಿಗೆ ಎಷ್ಟು ಬೇಕಾಗಿತ್ತೆಂದು ಅದಿಲ್ಲದ ಮೇಲೆ ಗೊತ್ತಾಗುತ್ತಿದೆ.

ಆ ದಿನಗಳ ಸಂಜೆ ಅಜ್ಜ ನನ್ನನ್ನು ಕೋಟೆಗೆ ಕರೆದುಕೊಂಡು ಹೋಗುತ್ತಿದ್ದರು. ಪಂಜೆ ಮಂಗೇಶರಾಯರು ಇಲ್ಲಿನ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದಾಗ ಅಲ್ಲಿ ಓದಿದವರು ಅವರು. ಕೋಟೆಯೊಳಗಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮೂಲೆಯಲ್ಲಿರುವ ಎರಡು ಗಾರೆಯ ಆನೆಗಳ ಬಳಿ ನನ್ನನ್ನು ಆಡಲು ಬಿಟ್ಟು, ತಾವು ಗಡಿಯಾರ ಗೋಪುರದ ಹಳೆಯ ಚರ್ಚಿನ ಕಡೆ ಮುಖ ಮಾಡಿ ಕೂರುತ್ತಿದ್ದರು. ಮಾತು ಶುರುವಾದರೆ ಹಾಲೇರಿಯ ಮುದ್ದುರಾಜನಿಂದ. 1681ರಲ್ಲಿ ಆತ ಇಲ್ಲಿ ರಾಜಧಾನಿ ಕಟ್ಟಿದ್ದು, ಮುದ್ದುರಾಜನ ಕೇರಿ ಮಡಿಕೇರಿಯಾದದ್ದು, ಟಿಪ್ಪು ಬಂದು ಜಾಫರಾಬಾದ್ ಎಂದು ಹೆಸರಿಟ್ಟದ್ದು, ಲಿಂಗರಾಜೇಂದ್ರ ಅರಮನೆ ಕಟ್ಟಿಸಿದ್ದು, 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಬಾವುಟ ಏರಿಸಿದ್ದು. ಕೊನೆಗೆ ಅಜ್ಜ ಬಂದು ನಿಲ್ಲುತ್ತಿದ್ದುದು ತಮ್ಮ ಕಣ್ಣಾರೆ ಕಂಡ ಕಾಲಕ್ಕೆ.

ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ನಮ್ಮ ಈ ಪುಟ್ಟ ಊರು ಸ್ವತಂತ್ರ ಭಾರತದ ಒಂದು ರಾಜ್ಯದ ರಾಜಧಾನಿಯಾಗಿತ್ತು. 1952ರಲ್ಲಿ ಚುನಾವಣೆ ನಡೆದು 24 ಜನರ ವಿಧಾನಸಭೆ ಬಂತು. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು. ಸಭೆ ಸೇರುತ್ತಿದ್ದುದು ಇದೇ ಕೋಟೆಯಲ್ಲಿ. ಶಾಸಕರೆಂದರೆ ಎಲ್ಲರ ಮನೆಯ ನೆಂಟರ ಹಾಗೆ, ಬೆಳಿಗ್ಗೆ ಸಭೆಯಲ್ಲಿ ಜಗಳವಾಡಿದವರು ಸಂಜೆ ಒಂದೇ ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದರು ಎಂದು ಅಜ್ಜ ಹೇಳುತ್ತಿದ್ದರು. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. ಅದೂ ಇದೇ ಕಾಲದಲ್ಲೇ, ಮಳೆ ಹೊಳವಾದ ಮೇಲೆ. ಹೊಸ ಕಾಗದ ಅಚ್ಚಾಗಿ ಬರುವವರೆಗೆ ಅಜ್ಜ ಹಳೆಯ ಕಾಗದದ ತಲೆಯಲ್ಲಿದ್ದ ಕೂರ್ಗ್ ಎಂಬ ಹೆಸರನ್ನು ತಾವೇ ಶಾಯಿಯಿಂದ ಗೀಟು ಹಾಕಿ ಮೈಸೂರು ಎಂದು ಬರೆಯಬೇಕಾಯಿತಂತೆ. "ಕನ್ನಡದವರೆಲ್ಲ ಒಂದಾದ್ರಲ್ಲ, ಸಂತೋಷವೇ ಆಯ್ತು ಮಗ. ಆದ್ರೆ ಕೈ ಮಾತ್ರ ಏಕೋ ಏಳ್ತಿರಲಿಲ್ಲ" ಎನ್ನುತ್ತಿದ್ದರು. ಪ್ರತಿ ರಾಜ್ಯೋತ್ಸವಕ್ಕೂ ಬಿಳಿ ಅಂಗಿ ತೊಟ್ಟು ಹೋಗಿ ಕೈಮುಗಿದು ಬರುತ್ತಿದ್ದ ಮನುಷ್ಯ. ಬಂದ ಮೇಲೆ ಮಧ್ಯಾಹ್ನದವರೆಗೆ ಯಾರೊಂದಿಗೂ ಮಾತಿಲ್ಲ. ಎರಡೂ ನಿಜವಾಗಿದ್ದವು ಅವರೊಳಗೆ. ದೊಡ್ಡದರೊಳಗೆ ಸೇರಿದ ಚಿಕ್ಕದಕ್ಕೆ ಒಂದು ಚೂರು ನೋವು ಇದ್ದೇ ಇರುತ್ತದೆಂದು ಈಗ ನನಗೂ ಅರ್ಥವಾಗುತ್ತದೆ.

ದಸರೆ ಬರುತ್ತಿದ್ದುದೂ ಈ ಹೊಳವಿನ ಹೊಸ್ತಿಲಲ್ಲೇ. ಮೊದಲ ದಿನ ಪಂಪಿನಕೆರೆಯ ಬಳಿ ಪೂಜೆಯಾಗಿ ನಾಲ್ಕು ಮಾರಿಯಮ್ಮ ಗುಡಿಗಳ ಕರಗಗಳು ಊರೊಳಕ್ಕೆ ಹೊರಟವೆಂದರೆ, ಒಂಬತ್ತು ದಿನ ಅಮ್ಮಂದಿರು ಮನೆ ಬಾಗಿಲಿಗೇ ಬಂದು ಹೋಗುತ್ತಿದ್ದರು. ಬಾಗಿಲಿಗೆ ನೀರು ಹಾಕಿ, ರಂಗೋಲಿ ಇಟ್ಟು, ಆರತಿ ತಟ್ಟೆ ಹಿಡಿದು ಕಾಯುವುದೇ ಒಂದು ಸಂಭ್ರಮ. ವಿಜಯದಶಮಿಯ ರಾತ್ರಿ ಹತ್ತು ಗುಡಿಗಳ ದಶಮಂಟಪ. ಮಹದೇವಪೇಟೆಯ ಒಂದು ಅಂಗಡಿಯ ಜಗಲಿಯಲ್ಲಿ ಕಂಬಳಿ ಹೊದ್ದು ಕುಳಿತರೆ, ದೂರದಿಂದ ಮೊದಲು ಓಲಗ ಕೇಳುತ್ತಿತ್ತು, ಆಮೇಲೆ ತಿರುವಿನಲ್ಲಿ ಪೆಟ್ರೋಮ್ಯಾಕ್ಸ್‌ನ ಬೆಳಕು, ಅದರ ಹಿಂದೆ ನಿಧಾನಕ್ಕೆ ತೂಗುತ್ತ ಮಂಟಪ. ಮಹಿಷಾಸುರನ ಕೈ ಎತ್ತಿಸಲು ಒಳಗೊಬ್ಬ ಹುಡುಗ ಹಗ್ಗ ಜಗ್ಗುತ್ತಿದ್ದ. ಅವನು ನಮ್ಮ ಕೇರಿಯವನೇ ಎಂದು ನಮಗೆಲ್ಲ ಗೊತ್ತಿದ್ದೂ ಹೆದರಿಕೆಯಾಗುತ್ತಿತ್ತು. ಈಗ ಮಂಟಪಗಳು ಟ್ರ್ಯಾಕ್ಟರಿನ ಮೇಲೆ ಬರುತ್ತವೆ, ಜನರೇಟರ್ ಬರುತ್ತದೆ, ಆಳೆತ್ತರದ ಬೊಂಬೆಗಳು ನಿಜಕ್ಕೂ ಯುದ್ಧ ಮಾಡುತ್ತವೆ. ನಮ್ಮ ಹುಡುಗರ ಕೈಚಳಕಕ್ಕೆ ಎರಡು ಮಾತಿಲ್ಲ; ಮೈಸೂರಿನಲ್ಲಿ ಜಂಬೂಸವಾರಿ ನೋಡಿ ಅದೇ ರಾತ್ರಿ ಘಟ್ಟ ಹತ್ತಿ ಬರುವಷ್ಟು ಜನಪ್ರಿಯ. ಆದರೆ ಧ್ವನಿವರ್ಧಕದ ಹೊಡೆತಕ್ಕೆ ಮನೆಯ ಕಿಟಕಿ ಗಾಜು ನಡುಗುತ್ತದೆ. ಆ ಓಲಗ ಎಲ್ಲಿ ಹೋಯಿತೆಂದು ಕೇಳಿದರೆ, ಇದೆ, ಕೇಳಿಸುವುದಿಲ್ಲ ಅಷ್ಟೇ ಎನ್ನುತ್ತಾರೆ.

ನನಗೆ ದಸರೆಗಿಂತ ಹೆಚ್ಚು ನೆನಪಾಗುವುದು ಅದರ ಆಸುಪಾಸಿನಲ್ಲೇ ಬರುವ ತುಲಾ ಸಂಕ್ರಮಣ. ತಲಕಾವೇರಿಯಲ್ಲಿ ತೀರ್ಥೋದ್ಭವ. ಪಕ್ಕದ ಮನೆಯಲ್ಲಿ ಒಬ್ಬ ಕೊಡವ ಅಜ್ಜಿ ಇದ್ದರು. ನಾವೂ ಅವರ ಮೊಮ್ಮಕ್ಕಳ ಹಾಗೆಯೇ ಅವರನ್ನು 'ತಾಯಿ' ಎಂದು ಕರೆಯುತ್ತಿದ್ದೆವು. ಕತ್ತಲಿರುವಾಗಲೇ ಬಂದು ನಮ್ಮನ್ನು ಎಬ್ಬಿಸಿ, ಮಿಂದು ಬರಲು ಹೇಳಿ, ಕಣಿಪೂಜೆಗೆ ಕರೆಯುತ್ತಿದ್ದರು. ಒಂದು ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ತಮ್ಮ ಕೊರಳ ಪತ್ತಾಕ್ ಅದಕ್ಕೆ ತೊಡಿಸಿ, ವೀಳ್ಯದೆಲೆ, ಅಡಿಕೆ, ಬಳೆ ಇಟ್ಟರೆ ಕಾವೇರಮ್ಮ ಬಂದು ಕುಳಿತಳೆಂದೇ ಲೆಕ್ಕ. ದೀಪದ ಬೆಳಕಿನಲ್ಲಿ ಆ ಚಿನ್ನದ ಹೆಡೆಯ ಪದಕ ಫಳಕ್ಕನೆ ಹೊಳೆದದ್ದು ಇಂದಿಗೂ ಕಣ್ಣಲ್ಲಿದೆ. ಅಕ್ಕಿ ಹಾಕಿ, ಅಡ್ಡಬಿದ್ದು, ದೊಡ್ಡವರ ಕಾಲು ಮುಟ್ಟಿದ ಮೇಲೆ ದೋಸೆ, ಕುಂಬಳಕಾಯಿ ಪಲ್ಯ. ತಲಕಾವೇರಿಗೆ ಹೋದವರು ಮರುದಿನ ತೀರ್ಥ ತಂದರೆ ಕೇರಿಯಲ್ಲಿ ಯಾರ ಮನೆಗೂ ತಪ್ಪದೆ ಒಂದೊಂದು ಉದ್ಧರಣೆ. ನಮ್ಮ ಅಜ್ಜಿ ಕೊನೆಯುಸಿರೆಳೆದಾಗ ಬಾಯಿಗೆ ಬಿಟ್ಟದ್ದೂ ತಾಯಿ ಎತ್ತಿಟ್ಟಿದ್ದ ಆ ತೀರ್ಥವನ್ನೇ.

2018ರ ಆಗಸ್ಟ್‌ನಲ್ಲಿ ಬೆಟ್ಟಗಳು ಕುಸಿದವು. ಮಕ್ಕಂದೂರು, ಜೋಡುಪಾಲ, ಮುವತ್ತೊಕ್ಲು. ಚಿಕ್ಕಂದಿನಲ್ಲಿ ಬಸ್ಸಿನ ಬೋರ್ಡಿನಲ್ಲಿ ಓದುತ್ತಿದ್ದ ಹೆಸರುಗಳು ಟಿ.ವಿ.ಯಲ್ಲಿ ಸಾವಿನ ಸುದ್ದಿಯಾಗಿ ಬಂದವು. ಪಟ್ಟಣದೊಳಗೂ ಗುಡ್ಡ ಜಾರಿ ಮನೆಗಳು ಹೋದವು, ಮಂಗಳೂರು ರಸ್ತೆ ಕಡಿದುಹೋಯಿತು. ಆ ವರ್ಷವೂ ಮಳೆ ಹೊಳವಾಯಿತು, ಬಿಸಿಲು ಬಂತು. ಬಿಸಿಲಲ್ಲಿ ಎದ್ದು ಕಂಡದ್ದು ಬೆಟ್ಟದ ಮೈಯ ಕೆಂಪು ಗಾಯಗಳು. ಮಳೆ ಜಾಸ್ತಿಯಾಗಿತ್ತು, ನಿಜ. ಆದರೆ ನಾವು ಗುಡ್ಡದ ಬುಡ ಕಡಿದು ಮನೆ, ರಸ್ತೆ, ವಸತಿಗೃಹ ಕಟ್ಟುತ್ತ ಹೋದದ್ದೂ ನಿಜ. ಮೊದಲು ಹೊಳವಾದರೆ ನೆಮ್ಮದಿ ಬರುತ್ತಿತ್ತು. ಈಗ ಊರಿನವರು ಈ ಸಲ ಉಳಿದೆವು ಎನ್ನುತ್ತಾರೆ.

ಕಳೆದ ಅಕ್ಟೋಬರಿನಲ್ಲಿ ಮೈಸೂರಿನಿಂದ ಹೊರಟೆ. ಸುಂಟಿಕೊಪ್ಪ ದಾಟುವಾಗಲೇ ಕಾರುಗಳ ಸಾಲು. ರಾಜಾಸೀಟಿನಲ್ಲಿ ಟಿಕೆಟ್ ಕೊಂಡು ಒಳಗೆ ಹೋದರೆ ನಿಲ್ಲಲು ಜಾಗವಿಲ್ಲ. ನಮ್ಮ ಕಾಲದಲ್ಲಿ ಈ ಹೊತ್ತಿಗೆ ಇಲ್ಲಿ ನಾಲ್ಕು ಜನ ನಿವೃತ್ತ ಮೇಷ್ಟರು, ಎರಡು ನಾಯಿ, ಕೆಳಗೆ ಕಣಿವೆಯಲ್ಲಿ ಮಂಗಳೂರಿಗೆ ಇಳಿಯುವ ಒಂದು ಬಸ್ಸು. ಆ ಬಸ್ಸು ತಿರುವು ತಿರುವಿಗೆ ಕಾಣಿಸಿ ಮರೆಯಾಗುವುದನ್ನು ಕೊನೆಯವರೆಗೂ ನೋಡುವುದೇ ನಮ್ಮ ಆಟ. ಈಗ ಬಂದವರು ಕಣಿವೆಗೆ ಬೆನ್ನು ಹಾಕಿ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. "ಮಂಜೇ ಇಲ್ಲ, ದುಡ್ಡು ದಂಡ" ಎಂದು ಒಬ್ಬರು ಬೇಸರಿಸಿದರು. ಮಂಜು ಸರಿದು ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು ನೀಲಿ ಬೆಟ್ಟ ತೊಳೆದಿಟ್ಟಂತೆ ಕಾಣುವ ದಿನಕ್ಕಾಗಿ ಈ ಊರು ನಾಲ್ಕು ತಿಂಗಳು ಕಾಯುತ್ತಿತ್ತೆಂದು ಅವರಿಗೆ ಹೇಗೆ ಹೇಳುವುದು?

ಉಳಿದುಕೊಂಡದ್ದು ನಮ್ಮ ಹಳೆಯ ಮನೆಯಲ್ಲೇ. ಅಪ್ಪ ಮಾರಿದ ಮೇಲೆ ಎರಡು ಕೈ ಬದಲಾಗಿ ಈಗ ಹೋಂಸ್ಟೇ. ನಡೆಸುವ ಹೆಣ್ಣುಮಗಳು ಒಳ್ಳೆಯವಳು, ನಾನು ಹುಟ್ಟಿದ ಕೋಣೆಯನ್ನೇ ಕೊಟ್ಟಳು. ಒಲೆಯಿದ್ದ ಮೂಲೆಯಲ್ಲಿ ಬಟ್ಟೆ ಒಣಗಿಸುವ ಯಂತ್ರ ಗುಂಯ್ ಎನ್ನುತ್ತಿತ್ತು. ಹಾಸಿಗೆಯ ಹೊದಿಕೆಗೆ ಅಂಗಡಿಯ ಹೂವಿನ ವಾಸನೆ. "ಮೊದಲೆಲ್ಲ ಅಕ್ಟೋಬರ್ ಅಂದ್ರೆ ಖಾಲಿ ಇರ್ತಿತ್ತಂತೆ ಅಣ್ಣ, ಈಗ ಒಂದು ದಿನ ಬಿಡುವಿಲ್ಲ" ಎಂದಳು. ಕಾಫಿಗೆ ಬೆಲೆ ಬಿದ್ದ ವರ್ಷಗಳಲ್ಲಿ ಮನೆ ನಡೆದದ್ದು ಇದರಿಂದಲೇ, ಮಗಳು ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದಾಳೆ ಎಂದಳು. ನನ್ನ ತಮ್ಮನಿಗೆ ಜ್ವರ ನೆತ್ತಿಗೇರಿದ ರಾತ್ರಿ ದಾರಿಗೆ ಮರ ಬಿದ್ದು, ಮೈಸೂರಿಗೆ ಒಯ್ಯಲಾಗದೆ ಅಮ್ಮ ಬೆಳಗಿನವರೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತದ್ದು ಇದೇ ಮನೆಯಲ್ಲಿ. ಆ ಹುಡುಗಿ ಡಾಕ್ಟರಾಗಲಿ ಎಂದು ಮನಸಾರೆ ಹರಸಿದೆ. ಆದರೂ ರಾತ್ರಿ ಆ ಹೊದಿಕೆಯನ್ನು ಮೂಗಿಗೆ ಎಳೆದುಕೊಂಡಾಗ, ಒಂದು ಎಳೆ ಹೊಗೆಯಾದರೂ ಇದ್ದಿದ್ದರೆ ಎನಿಸಿತು.

ಬೆಳಿಗ್ಗೆ ಕೋಟೆಗೆ ಹೋದೆ. ಕಚೇರಿಗಳೆಲ್ಲ ಹೊಸ ಕಟ್ಟಡಗಳಿಗೆ ಹೋಗಿವೆ. ಅಜ್ಜ ಗೀಟು ಹಾಕುತ್ತ ಕುಳಿತಿದ್ದ ಜಾಗ ಯಾವುದೆಂದು ತೋರಿಸುವವರಿಲ್ಲ. ಆನೆಗಳಿವೆ.

ಮಡಿಕೇರಿಗೆ ಬರಬೇಡಿ ಎಂದು ನಾನು ಹೇಳಲಾರೆ, ನಿಮ್ಮಿಂದಲೇ ಎಷ್ಟೋ ಒಲೆ ಉರಿಯುತ್ತಿವೆ. ಹೊಳವಿನ ದಿನಗಳಲ್ಲಿ ಬಂದರೆ ಒಂದು ಸಂಜೆಯ ಮಟ್ಟಿಗೆ ಕಾರನ್ನು ಎಲ್ಲಾದರೂ ನಿಲ್ಲಿಸಿ, ಕೋಟೆಯಿಂದ ಮಹದೇವಪೇಟೆಯ ದಾರಿ ಹಿಡಿದು ರಾಜರ ಗದ್ದುಗೆಯವರೆಗೆ ನಡೆದು ಹೋಗಿ. ದೊಡ್ಡವೀರರಾಜೇಂದ್ರ ಆ ಪೇಟೆಗೆ ಹೆಸರಿಟ್ಟದ್ದು ತನ್ನ ರಾಣಿ ಮಹದೇವಮ್ಮಾಜಿಯದು. ಇಬ್ಬರೂ ಆ ಗುಮ್ಮಟದ ಕೆಳಗೇ ಇದ್ದಾರೆ. ದಾರಿಯಲ್ಲಿ ಹಂಚಿನ ಮನೆಗಳು ಇನ್ನೂ ಒಂದಷ್ಟು ಉಳಿದಿವೆ. ಜಗಲಿಯಲ್ಲಿ ವಯಸ್ಸಾದವರು ಯಾರಾದರೂ ಬಿಸಿಲು ಕಾಯುತ್ತ ಕುಳಿತಿದ್ದರೆ ನಿಂತು, ಮಳೆ ಹೇಗಾಯಿತು ಈ ಸಲ ಎಂದು ಕೇಳಿ. ಅವರು ಹೇಳುತ್ತಾರೆ.