ಹನ್ನೆರಡಕ್ಕೆ ಹದಿನೈದು ಕೂಡಿದರೆ ಎಷ್ಟು?

ಮಕ್ಕಳೇ, ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ ಎನ್ನುತ್ತಾರೆ. ಆದರೆ ನಾವು ಕೊಟ್ಟದ್ದು ಸಂಖ್ಯೆಯೋ ಅಕ್ಷರವೋ ಎಂದು ಅದಕ್ಕೆ ನಾವೇ ತಿಳಿಸಬೇಕು.

ಸರ್ಜಾಪುರದ ಕಡೆಯ ಶಾಲೆಯೊಂದರಲ್ಲಿ ಏಳನೆಯ ತರಗತಿಯವರು ಬಿಸಿಯೂಟದ ಅಕ್ಕಿಯ ಲೆಕ್ಕಕ್ಕೆಂದು ನನ್ನೆದುರು ಒಂದು ವೆಬ್ ಫಾರಂ ಮಾಡಿದರು. ಒಂದು ಚೌಕದಲ್ಲಿ ಹುಡುಗಿಯರು 12, ಇನ್ನೊಂದರಲ್ಲಿ ಹುಡುಗರು 15. ಗುಂಡಿ ಒತ್ತಿದರೆ ಒಟ್ಟು 1215! ತಲೆಗೆ 150 ಗ್ರಾಂನಂತೆ ಬೇಕಾದದ್ದು 4 ಕಿಲೋ 50 ಗ್ರಾಂ ಅಕ್ಕಿ. ಪರದೆ ತೋರಿಸಿದ್ದು 182 ಕಿಲೋ 250 ಗ್ರಾಂ. “ಸರ್, ಇದು ನಮಗೆ 45 ದಿನದ ಊಟ!” ಎಂದಳು ಒಬ್ಬ ಹುಡುಗಿ.

ಹೀಗೇಕೆ? ಫಾರಂನ ಚೌಕದಲ್ಲಿ ತುಂಬಿದ್ದು ಜಾವಾಸ್ಕ್ರಿಪ್ಟ್‌ಗೆ ಅಕ್ಷರಗಳ ಸಾಲಾಗಿ ಸಿಗುತ್ತದೆ. 1995ರಲ್ಲಿ ಬ್ರೆಂಡನ್ ಐಕ್ ರೂಪಿಸಿದ ಈ ಭಾಷೆಯಲ್ಲಿ ಕೂಡುವ ಚಿಹ್ನೆಗೆ ಎರಡು ಕೆಲಸ: ಸಂಖ್ಯೆಯಾದರೆ ಕೂಡುತ್ತದೆ, ಅಕ್ಷರವಾದರೆ ಪಕ್ಕಪಕ್ಕ ಜೋಡಿಸುತ್ತದೆ. ಕಳೆಯುವ ಚಿಹ್ನೆಗೆ ಒಂದೇ ಕೆಲಸ. ಅದಕ್ಕೇ 15ರಲ್ಲಿ 12 ಕಳೆದರೆ ಸರಿಯಾಗಿ 3 ಬರುತ್ತದೆ.

ಪರಿಹಾರ ಸುಲಭ. ಕೂಡುವ ಮೊದಲು ಎರಡೂ ಚೌಕಗಳ ಬೆಲೆಯನ್ನು ‘ನಂಬರ್’ ಎಂಬ ಆದೇಶದಿಂದ ಸಂಖ್ಯೆಯಾಗಿಸಬೇಕು. ಮಕ್ಕಳು ಹಾಗೆ ಮಾಡಿದರು, 27 ಬಂತು.

ನೀವೂ ಮಾಡಿ ನೋಡಿ. ಗುಂಡಿ ಒತ್ತುವ ಮುನ್ನ ಬಾಯಿಲೆಕ್ಕದಲ್ಲಿ ಉತ್ತರ ಊಹಿಸಿಕೊಳ್ಳಿ. ತಪ್ಪು ಹಿಡಿಯಲು ಅದಕ್ಕಿಂತ ಒಳ್ಳೆಯ ಸಲಕರಣೆ ಬೇರೆ ಇಲ್ಲ.