ಸೂಟಿ ಮುಗಿದ ಮೇಲಿನ ಒಂದು ವರ್ಷ

1998ರ ಬೇಸಿಗೆ ಸೂಟಿ ಶಾಲೆಯ ಮಕ್ಕಳಿಗೆ ಮೇ ತಿಂಗಳ ಕೊನೆಗೆ ಮುಗಿಯಿತು. ನನ್ನ ಪಾಲಿಗೆ ಮಾತ್ರ ಅದು ಆಗಸ್ಟ್‌ವರೆಗೂ ಬೆಳೆಯಿತು. ಬೆಳಗಾವಿಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ನಾನು ಶಿಕ್ಷಕರ ವಿನಿಮಯ ಯೋಜನೆಯಲ್ಲಿ ಒಂದು ವರ್ಷದ ಮಟ್ಟಿಗೆ ಅಮೆರಿಕದ ಓಹಾಯೋ ರಾಜ್ಯಕ್ಕೆ ಹೋಗುವವಳಿದ್ದೆ. ಅಲ್ಲಿಯ ಗಣಿತ ಶಿಕ್ಷಕಿಯೊಬ್ಬರು ನನ್ನ ಶಾಲೆಗೆ, ನನ್ನ ತರಗತಿಗಳಿಗೆ, ನಮ್ಮ ಮನೆಯ ಮಹಡಿಯ ಕೋಣೆಗೆ ಬರುವವರಿದ್ದರು. ವೀಸಾಕ್ಕೆಂದು ಚೆನ್ನೈಗೆ ಹೋಗಿಬಂದದ್ದನ್ನು ಬಿಟ್ಟರೆ ಆ ಎರಡು ತಿಂಗಳನ್ನು ಹೆಚ್ಚಾಗಿ ಮುನವಳ್ಳಿಯಲ್ಲಿ, ಅವ್ವನ ಹತ್ತಿರ ಕಳೆದೆ.

ನಮ್ಮೂರನ್ನು ಬಲ್ಲವರಿಗೆ ಆ ದಿನಗಳನ್ನು ವಿವರಿಸಬೇಕಿಲ್ಲ. ಮುಂಜಾನೆ ಪಂಚಲಿಂಗೇಶ್ವರನ ಗುಡಿ, ಸಂಜೆ ಮಲಪ್ರಭೆಯ ದಂಡೆ, ನವಿಲುತೀರ್ಥದ ಆಣೆಕಟ್ಟಿಗೆ ಎಷ್ಟು ನೀರು ಬಂದಿದೆ ಎಂಬ ಕಟ್ಟೆಯ ಮೇಲಿನ ಮಾತು. ಜುಲೈ ಕೊನೆಯ ವಾರ ನಾಗಪಂಚಮಿ ಬಂದಿತು. ಶೇಂಗಾದುಂಡಿ, ಎಳ್ಳುಂಡಿಗಳ ಜೊತೆಗೆ ಅವ್ವ ನಾಲ್ಕು ದಿನ ಒಲೆಯ ಮುಂದೆ ಕುಳಿತು ಕಡಕ್ ರೊಟ್ಟಿ ಬಡಿದಳು. ಗುರೆಳ್ಳು ಚಟ್ನಿಯ ಡಬ್ಬಿಗೆ ಬಟ್ಟೆ ಸುತ್ತಿದಳು. "ಒಂದ ವರ್ಷ ಅಂದ್ರ ಏನವಾ, ಒಂದ ಹಿಂಗಾರಿ. ಬಿಳಿಜ್ವಾಳಾ ಬಿತ್ತೂ ಮುಂದ ಅಲ್ಲಿರತಿ, ಕೊಯ್ದ ರಾಶಿ ಮಾಡಿ ಹಗೇಕ ಹಾಕಿದ ಮ್ಯಾಲ ಬಂದಬಿಡತಿ" ಎಂದಳು. ಆಕೆಯ ಲೆಕ್ಕ ಎಂದಿಗೂ ಕ್ಯಾಲೆಂಡರಿನದಲ್ಲ.

ಸೋದರಮಾವನಿಗೆ ಮಾತ್ರ ಸಮಾಧಾನವಿರಲಿಲ್ಲ. "ರಾಮಾನುಜನ್ನರೂ ಹಿಂಗ ಹೋದವರು" ಎನ್ನುತ್ತಿದ್ದ. ಎ. ಕೆ. ರಾಮಾನುಜನ್ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವರು. 1959ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಮುಂದೆ ಶಿಕಾಗೋದಲ್ಲಿಯೇ ನೆಲೆಸಿ 1993ರಲ್ಲಿ ಅಲ್ಲಿಯೇ ತೀರಿಕೊಂಡರು. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಕುಳಿತು 'ಸಂಸ್ಕಾರ' ಬರೆದು, ಪಿಎಚ್.ಡಿ. ಮುಗಿಸಿ 1966ರಲ್ಲಿ ಮರಳಿ ಬಂದರಲ್ಲ ಎಂದು ನಾನು ವಾದಿಸಿದೆ. ಅಷ್ಟಕ್ಕೂ ಸರಕಾರದ ಹಣದಲ್ಲಿ ವಿನಿಮಯ ವೀಸಾದ ಮೇಲೆ ಹೋದವರು ಮೊದಲು ಎರಡು ವರ್ಷ ಸ್ವದೇಶದಲ್ಲಿ ಇದ್ದ ಹೊರತು ಅಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುವಂತಿಲ್ಲವೆಂಬ ನಿಯಮವೇ ಉಂಟು. ಮಾವನಿಗೆ ನಿಯಮಗಳಲ್ಲಿ ನಂಬಿಕೆ ಕಡಿಮೆ. ಅವನು ತಲಾಟಿಯಾಗಿದ್ದವನು.

ಆಗಸ್ಟ್ ಎರಡನೆಯ ವಾರ ಹೊರಟೆ. ಪ್ರಯಾಣದ ವಿಷಯದಲ್ಲಿ ಹೇಳತಕ್ಕದ್ದೇನೂ ಇಲ್ಲ; ನಿದ್ದೆಯಿಲ್ಲದ ಎರಡು ರಾತ್ರಿಗಳು, ಅಷ್ಟೆ.

ನಮ್ಮಲ್ಲಿ ಮಕ್ಕಳು ಕುಳಿತಿರುತ್ತಾರೆ, ಮಾಸ್ತರರು ಗಂಟೆಗೊಮ್ಮೆ ಕೋಣೆ ಬದಲಿಸುತ್ತಾರೆ. ಅಲ್ಲಿ ಶಿಕ್ಷಕಿಯ ಕೋಣೆ ಶಿಕ್ಷಕಿಯದು. ಗಂಟೆಯಾದೊಡನೆ ಮಕ್ಕಳೇ ಪ್ರವಾಹದಂತೆ ಹೊರಳುತ್ತಾರೆ. ನಾನು ಒಳಗೆ ಬಂದಾಗ ಯಾರೂ ಏಳಲಿಲ್ಲ. ಅದು ಅಗೌರವವಲ್ಲ ಎಂದು ಬುದ್ಧಿಗೆ ಮೊದಲ ದಿನವೇ ತಿಳಿಯಿತು. ಮನಸ್ಸಿಗೆ ತಿಳಿಯಲು ಒಂದು ತಿಂಗಳು ಹಿಡಿಯಿತು. ಹಳ್ಳಿಯ ಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿದವಳ ಎದುರು ಹದಿನೈದು ವರ್ಷದ ಹುಡುಗರು ಆಲೇಖ ಬಿಡಿಸುವ ಕ್ಯಾಲ್ಕ್ಯುಲೇಟರ್ ಹಿಡಿದು ಕುಳಿತಿದ್ದರು. ಆದರೆ ಹದಿನೇಳನ್ನು ಆರರಿಂದ ಗುಣಿಸಲು ಅದನ್ನೇ ಒತ್ತುತ್ತಿದ್ದರು! ತಾಪಮಾನ ಫ್ಯಾರನ್‌ಹೀಟಿನಲ್ಲಿ, ತೂಕ ಪೌಂಡಿನಲ್ಲಿ, ದಾರಿ ಮೈಲಿನಲ್ಲಿ, ದಿನಾಂಕದಲ್ಲಿ ತಿಂಗಳು ಮೊದಲು. ರೇಡಿಯೋದಲ್ಲಿ ನಲವತ್ತು ಡಿಗ್ರಿ ಎಂದು ಕೇಳಿದಾಗಲೆಲ್ಲ ಮೈ ಒಂದು ಗಳಿಗೆ ಮುನವಳ್ಳಿಯ ಏಪ್ರಿಲ್ ತಿಂಗಳನ್ನು ನೆನೆಯುತ್ತಿತ್ತು. ಅದು ನಮ್ಮ ಲೆಕ್ಕದಲ್ಲಿ ಬರಿಯ ನಾಲ್ಕೂವರೆ ಡಿಗ್ರಿಯ ಚಳಿ.

ಪ್ರತಿ ಭಾನುವಾರ ಅಲ್ಲಿಯ ಮುಂಜಾನೆ ಎಂಟಕ್ಕೆ ಫೋನು ಮಾಡುತ್ತಿದ್ದೆ. ಊರಿನಲ್ಲಿ ಆಗ ಸಂಜೆ ಐದೂವರೆ. ಅವ್ವ ನೆರೆಮನೆಗೆ ಹೋಗಿ ಕಾಯ್ದು ಕೂಡುತ್ತಿದ್ದಳು. ಅಕ್ಟೋಬರ್ 25ರಂದು ಓಹಾಯೋದ ಗಡಿಯಾರಗಳನ್ನೆಲ್ಲ ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ, ಇನ್ನು ಮೇಲೆ ಆರೂವರೆಗೆ ಬಾ ಎಂದು ಮೊದಲೇ ತಿಳಿಸಿದ್ದೆ. "ಹೊತ್ತು ಹೆಂಗ ಹಿಂದ ಹೊಕ್ಕೈತಿ?" ಎಂದು ಆಕೆ ಐದೂವರೆಗೇ ಹೋಗಿ ಒಂದು ತಾಸು ಕುಳಿತಿದ್ದಳಂತೆ. ಮಾತು ಮಾತ್ರ ಎಂದಿನದೇ: ಆರಾಮ ಅದೇನಿ, ಮಳಿ ಆತು, ನೀ ಉಂಡಿ?

ನವೆಂಬರಿನಲ್ಲಿ ನನ್ನ ಜಾಗದಲ್ಲಿದ್ದ ಶಿಕ್ಷಕಿಯಿಂದ ಪತ್ರ ಬಂದಿತು. ದಸರಾ ಸೂಟಿಯಲ್ಲಿ ನಮ್ಮವರ ಜೊತೆ ಮುನವಳ್ಳಿಗೆ ಹೋಗಿ ಎರಡು ದಿನ ಇದ್ದರಂತೆ. ಹೊಳೆ, ಗುಡಿ, ರೊಟ್ಟಿಯ ವರ್ಣನೆಯ ನಡುವೆ ಒಂದು ಪ್ಯಾರಾ ಇತ್ತು: ನಿಮ್ಮ ತಾಯಿಯವರು ಹೊಸ್ತಿಲನ್ನು ಕಾಲಿನಿಂದ ತಡವಿ ದಾಟುತ್ತಾರೆ, ಹಂಚಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ ರೊಟ್ಟಿ ಹಾಕುತ್ತಾರೆ, ಬೆರಳ ತುದಿಗಳು ಸುಟ್ಟಿವೆ, ನಿಮಗೆ ಗೊತ್ತಿದೆಯೆ? ನಮ್ಮ ಮನೆಯವರ ಕಣ್ಣಿಗೆ ರೂಢಿಯಾಗಿ ಹೋಗಿದ್ದ ಸಂಗತಿ ಹೊಸಬರ ಕಣ್ಣಿಗೆ ಎರಡೇ ದಿನದಲ್ಲಿ ಕಂಡಿತ್ತು.

ಆ ಭಾನುವಾರ ಫೋನಿನಲ್ಲಿ ಕೇಳಿಯೇ ಕೇಳಿದೆ. ಯುಗಾದಿಯಿಂದಲೇ ಕಣ್ಣು ಮಂಜಾಗಿತ್ತಂತೆ. ಹೇಳಿದರೆ ನಾನು ಹೋಗುವುದನ್ನು ಬಿಟ್ಟೇನು ಎಂದು ಬಾಯಿ ಬಿಟ್ಟಿರಲಿಲ್ಲ. ನಾನು ಹಿಂತಿರುಗುತ್ತೇನೆ ಎಂದೆ. ಹಿಂತಿರುಗಿದರೆ ವಿನಿಮಯವೇ ಮುರಿಯುತ್ತಿತ್ತು. ನನ್ನ ಕೋಣೆಯಲ್ಲಿದ್ದ ಆ ಹೆಣ್ಣುಮಗಳೂ ವರ್ಷದ ನಡುವೆ ಗಂಟುಮೂಟೆ ಕಟ್ಟಬೇಕಾಗುತ್ತಿತ್ತು. ಆಗಲಿ ಎಂದೇ ನಿರ್ಧರಿಸಿದ್ದೆ. "ನೀ ಬಂದ್ರ ನಾ ಕಣ್ಣ ತಗಸೂದಿಲ್ಲ, ನೋಡ" ಎಂದು ಅವ್ವ ಫೋನು ಇಟ್ಟುಬಿಟ್ಟಳು. ಮುನವಳ್ಳಿಯ ಹೆಂಗಸರ ಹಟದ ಮುಂದೆ ಬೀಜಗಣಿತ ನಡೆಯುವುದಿಲ್ಲ.

ಜನವರಿಯಲ್ಲಿ ತಮ್ಮ ಹುಬ್ಬಳ್ಳಿಯಿಂದ ಬಂದು ಬೆಳಗಾವಿಯಲ್ಲಿ ಪೊರೆ ತೆಗೆಸಿದ. ಮುಂದಿನ ಒಂದು ತಿಂಗಳು ಅವ್ವ ನಮ್ಮ ಮನೆಯಲ್ಲಿದ್ದಳು. ಮುಂಜಾನೆ ಮಗ ಕಣ್ಣಿಗೆ ಹನಿ ಹಾಕುತ್ತಿದ್ದ. ಸಂಜೆಯ ಹನಿ ಶಾಲೆ ಬಿಟ್ಟು ಬಂದ ಆ ಶಿಕ್ಷಕಿಯದು. ಇಬ್ಬರ ನಡುವೆ ಇದ್ದ ಭಾಷೆಯೆಂದರೆ ಬೇಕು, ಸಾಕು, ಬಾ, ಕೂಡು ಎಂಬ ನಾಲ್ಕು ಶಬ್ದಗಳು.

ಮಾರ್ಚಿನಲ್ಲಿ, ಓಹಾಯೋದ ಹಿಮ ಕರಗುವ ಹೊತ್ತಿಗೆ, ಆಕೆಯ ಇನ್ನೊಂದು ಪತ್ರ ಬಂದಿತು. ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನ ದಪ್ಪ ಅಕ್ಷರಗಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ಅವ್ವ ನನಗೆ ತನ್ನ ಕೈಯಾರೆ ಪತ್ರ ಬರೆದದ್ದು ಅದೇ ಮೊದಲು. "ಜ್ವಾಳಾ ಛಲೋ ಬಂದೈತಿ. ಅಕ್ಷರ ಕಾಣಸ್ತಾವು. ಈಕಿಗೆ ರೊಟ್ಟಿ ಬಡಿಯೂದು ಇನ್ನೂ ಬಂದಿಲ್ಲ, ಕಲಸಾಕತ್ತೇನಿ."