ಭಾಗಾಕಾರದ ಊಟ

ವಿಜಯಪುರದ ಕಡೆಯ ಹುಡುಗ ಮೈಸೂರಿಗೆ ಓದಲು ಹೋದರೆ ಮೊದಲು ಕಂಗಾಲಾಗುವುದು ತಲೆಯಲ್ಲ, ಹೊಟ್ಟೆ. ನಮ್ಮ ಹಾಸ್ಟೆಲಿನಲ್ಲಿ ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿಯೂ ಅನ್ನ, ನಡುನಡುವೆ ಮುದ್ದೆ. ನಾನು ಮುದ್ದೆಯನ್ನು ರೊಟ್ಟಿಯ ಹಾಗೆ ಅಗಿಯುತ್ತ ಕೂತದ್ದನ್ನು ಎದುರಿಗಿದ್ದ ಮಂಡ್ಯದವನಿಗೆ ನೋಡಲಾಗಲಿಲ್ಲ. "ಅಗೀಬಾರ್ದು ಕಣ್ಲಾ, ನುಂಗ್ಬೇಕು" ಎಂದ. "ಗಂಟಲದಾಗ ಸಿಕ್ರ ತಗಿಯಾವ್ರು ಯಾರೋ ಯಪ್ಪಾ?" ಎಂದೆ. ದೋಸ್ತಿ ಶುರುವಾದದ್ದು ಹಾಗೆ. ಹಬ್ಬದ ತನಕ ಬರಲೆಂದು ಅವ್ವ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಆ ದೋಸ್ತಿಯಲ್ಲೇ ಮುಗಿದುಹೋದವು.

ಓದುವ ಹುಡುಗರಿಗೆ ಊಟದ ಚಿಂತೆ ಹೊಸದೇನಲ್ಲ. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ತೆರೆಯುವ ಮುಂಚೆ ನಮ್ಮ ಕಡೆಯವರು ಡಿಗ್ರಿಗಾಗಿ ಪುಣೆ, ಮುಂಬಯಿಗಳಿಗೇ ಹೋಗಬೇಕಿತ್ತು. ಊರು ಯಾವುದಾದರೂ ಉಣ್ಣುವುದೆಲ್ಲಿ ಎಂಬ ಪ್ರಶ್ನೆ ಒಂದೇ. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು. ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೆ ಇನ್ನೊಂದು. ಬುಧವಾರದ ಮನೆಯವರು ಮದುವೆಗೆ ಹೋದರೆ ಬುಧವಾರ ಏಕಾದಶಿ. ಗುರುವಾರದ ಮನೆಯಾಕೆಯ ಮುಖ ಗಂಟಾಗಿದ್ದರೆ ಎರಡನೆಯ ಸಲ ಅನ್ನ ಕೇಳುವ ಧೈರ್ಯ ಯಾರಿಗೆ?

ಉಳಿದ ಜಾತಿಗಳ ಹುಡುಗರಿಗೆ ಆ ಬಾಗಿಲೂ ಇರಲಿಲ್ಲ. ಅವರಿಗಾಗಿ ಮಠಗಳೂ ಸಂಘಗಳೂ ಒಲೆ ಹಚ್ಚಿದವು. ಧಾರವಾಡದಲ್ಲಿ ಮುರುಘಾಮಠದ ಪ್ರಸಾದ ನಿಲಯ ಬಂತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರಿಗಾಗಿ ಸಂಸ್ಥೆ ಕಟ್ಟಿ, ಶಾಲೆಯ ಜೊತೆಗೆ ಹಾಸ್ಟೆಲನ್ನೂ ನಡೆಸಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕೂತು ಉಂಡರು. ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಹೆಚ್ಚಿ, ಊಟ ಸರ್ಕಾರದ ಹೊಣೆಯೂ ಆಯಿತು. ಒಂದು ತಲೆಮಾರು ಅಕ್ಷರ ಕಲಿತದ್ದರಲ್ಲಿ ಮೇಷ್ಟರ ಪಾಲೆಷ್ಟೋ ಅಡುಗೆಯವರ ಪಾಲೂ ಅಷ್ಟೇ ಇದೆ.

ನಮ್ಮದು ಡಿವೈಡಿಂಗ್ ಮೆಸ್. ತಿಂಗಳ ಖರ್ಚನ್ನೆಲ್ಲ ಕೂಡಿಸಿ, ಎಲ್ಲರೂ ಉಂಡ ದಿನಗಳ ಮೊತ್ತದಿಂದ ಭಾಗಿಸಿದರೆ ಒಂದು ದಿನದ ದರ. ಮೊದಲೇ ರಿಜಿಸ್ಟರಿನಲ್ಲಿ ಬರೆದು ಊರಿಗೆ ಹೋದವನಿಗೆ ಆ ದಿನಗಳ ದುಡ್ಡಿಲ್ಲ. ಕೇಳಲು ಬಹಳ ನ್ಯಾಯ. ಆದರೆ ಹಬ್ಬಕ್ಕೆ ಮಂಡ್ಯ, ಹಾಸನದವರೆಲ್ಲ ಬಸ್ಸು ಹತ್ತಿದರೂ ಅಡುಗೆಯವರ ಸಂಬಳ ಇಳಿಯುವುದಿಲ್ಲ. ಅದು ಉಳಿದವರ ತಲೆಯ ಮೇಲೆ. ಉಳಿಯುವವರು ಯಾರು? ರಾತ್ರಿಯಿಡೀ ಪ್ರಯಾಣ ಮಾಡಬೇಕಾದ ನಮ್ಮಂಥವರು. ಹಬ್ಬ ಅವರದು, ಬಿಲ್ಲು ನಮ್ಮದು!

ಇದನ್ನು ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡು ಹೇಳಿದೆ. ಜೋರಾಗಿ ಕೂಗಿದವನನ್ನೇ ಮೆಸ್ ಸೆಕ್ರೆಟರಿ ಮಾಡುವುದು ನಮ್ಮಲ್ಲಿಯ ಪದ್ಧತಿ. ಮರುವಾರದಿಂದ ನಸುಕಿನಲ್ಲೇ ದೇವರಾಜ ಮಾರುಕಟ್ಟೆಗೆ ತರಕಾರಿಗೆ ಹೊರಟೆ. "ಬದನಿಕಾಯಿ ಹ್ಯಾಂಗರೀ?" ಎಂದರೆ ಹೊರಗಿನವನೆಂದು ಗೊತ್ತಾಗಿ ದರ ಏರುತ್ತಿತ್ತು. "ಏನ್ ರೇಟು, ನೋಡ್ಕೊಂಡ್ ಹೇಳಿ" ಎನ್ನಲು ಕಲಿತೆ. ಬಾಯಿಗೆ ಬಂದ ಮೊದಲ ಮೈಸೂರು ಕನ್ನಡ ಲಾಭಕ್ಕಾಗಿಯೇ ಬಂದದ್ದು.

ಆಮೇಲೆ ರೊಟ್ಟಿಯ ಪ್ರಶ್ನೆ ಎದ್ದಿತು. ವಾರಕ್ಕೊಮ್ಮೆಯಾದರೂ ಜೋಳದ ರೊಟ್ಟಿ ಬೇಕೆಂದು ಉತ್ತರದವರ ಬೇಡಿಕೆ. ಹಿಂದಿನ ವರ್ಷ ಅದನ್ನು ಎತ್ತಿದವನೇ ನಾನು. ಈಗ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿತ್ತು. ಅಷ್ಟು ಜನಕ್ಕೆ ರೊಟ್ಟಿ ಬಡಿಯಲು ಬೇರೆ ಆಳು ಬೇಕು, ದರ ಏರುತ್ತದೆ, ಮನೆಯಿಂದ ಮನಿಯಾರ್ಡರಿಗೆ ಕಾಯುವ ಹುಡುಗರು ಕೊನೆಯ ವಾರ ಊಟ ಬಿಡುತ್ತಾರೆ. ಕೈ ಎತ್ತುವಾಗ ರೊಟ್ಟಿಯ ವಿರುದ್ಧ ಎತ್ತಿದೆ. ನಮ್ಮ ಕಡೆಯವರು ಎಷ್ಟೋ ದಿನ ಮಾತು ಬಿಟ್ಟರು.

ವಾರಾನ್ನದ ಹುಡುಗ ಏಳು ಮನೆಗಳ ಹಂಗಿನಲ್ಲಿದ್ದ. ಮಠದಲ್ಲಿ ಉಂಡವನು ಮಠದ ಋಣ ನೆನೆದ. ಡಿವೈಡಿಂಗ್ ಮೆಸ್ಸಿನಲ್ಲಿ ಉಣಿಸುವವರಿಲ್ಲ, ತಲೆ ತಗ್ಗಿಸಬೇಕಾದ ಬಾಗಿಲೂ ಇಲ್ಲ. ಯಾರ ಹಂಗೂ ಇಲ್ಲವೆಂದೇ ನಾವು ಬೀಗುತ್ತಿದ್ದೆವು. ಆದರೆ ಅಲ್ಲಿ ಪ್ರತಿಯೊಬ್ಬನೂ ಉಳಿದೆಲ್ಲರ ಹಂಗಿನಲ್ಲಿರುತ್ತಾನೆ, ಹೆಸರು ಗೊತ್ತಿಲ್ಲದವರ ಹಂಗಿನಲ್ಲೂ. ಡಿಗ್ರಿಯ ಪಾಠ ಬಹುಪಾಲು ಮರೆತಿದೆ. ಹತ್ತು ಜನರ ಖರ್ಚಿನ ಮಾತು ಬಂದಾಗ ಮಾತ್ರ ನನ್ನ ಇಷ್ಟವನ್ನು ಕೇಳುವ ಮೊದಲು ಈಗಲೂ ಭಾಗಾಕಾರ ಮಾಡಿ ನೋಡುತ್ತೇನೆ.